ಓಲೆ ಮತ್ತು ಒಲೆ

ಒಂದು ದಿನ ಬೆಳಗಿನ ಕಾಫಿಯ ಹೊತ್ತಿನಲ್ಲಿ ಅಮ್ಮ ನಮ್ಮ ಬೆಂಗಳೂರಿನ ಮನೆಯ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, “ಇಷ್ಟು ದುಡ್ಡು ಸುರಿದು ಮನೆ ಕೊಂಡಿದ್ದೀರಿ, ಒಂದು ಒಲೆಯಿಲ್ಲವಲ್ಲೇ” ಎಂದಳು.

ನಾನು ಅಡಿಗೆಮನೆಯ ಗ್ಯಾಸಿನ ಒಲೆಯ ಕಡೆ ಕೈ ತೋರಿಸಿದೆ.

“ಅದಲ್ಲ. ಕಾಗದ ಸುಡುವಂಥ ಒಲೆ.”

ನಮ್ಮದು ನಾಲ್ಕನೆಯ ಮಹಡಿಯ ಮನೆ. ಬಚ್ಚಲಿನಲ್ಲಿ ನೀರು ಕಾಯಿಸುವುದಕ್ಕೆ ವಿದ್ಯುತ್ತಿನ ಗೀಸರು. ಕಡ್ಡಿ ಗೀರಿ ಉರಿ ಮಾಡುವುದಕ್ಕೆ ದೇವರ ದೀಪವೊಂದನ್ನು ಬಿಟ್ಟರೆ ಬೇರೆ ಎಡೆಯೇ ಇಲ್ಲ. ಎಂಬತ್ತನಾಲ್ಕು ತುಂಬಿದ ಮುದುಕಿಗೆ ಸುಡಬೇಕಾದ ಕಾಗದ ಯಾವುದಿದ್ದೀತೆಂದು ಕೇಳಿದೆ. ಅಮ್ಮ ಎದ್ದು ಹೋಗಿ ತನ್ನ ಪೆಟ್ಟಿಗೆಯ ತಳದಿಂದ ಒಂದು ಗಂಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಹಳೆಯ ಧಾರೆಯ ಸೀರೆಯ ಸೆರಗಿನ ತುಂಡೊಂದರಲ್ಲಿ ಕಟ್ಟಿದ ಗಂಟು. ಒಳಗೆ ಅಂಚೆಯ ಕಾರ್ಡುಗಳು ಮತ್ತು ನೀಲಿಯ ಇನ್‌ಲ್ಯಾಂಡ್ ಪತ್ರಗಳು, ಎಲ್ಲ ಸೇರಿ ನಲವತ್ತೆರಡು.

“ನಾನು ಕಣ್ಣು ಮುಚ್ಚುವುದಕ್ಕೆ ಮೊದಲು ಇವು ಹೋಗಬೇಕು. ಮುಂದಿನ ತಿಂಗಳು ಊರಿಗೆ ಹೋಗುತ್ತೇವಲ್ಲ, ಅಲ್ಲಿ ಹಂಡೆಯ ಒಲೆಗೆ ಹಾಕಿಬಿಡು. ಓದುವುದಿದ್ದರೆ ಓದಿಕೋ. ಅದರಲ್ಲಿ ಕದ್ದು ಓದುವಂಥದು ಏನೂ ಇಲ್ಲ.”

ಅವು ನಮ್ಮ ಅಪ್ಪಯ್ಯ ಮದುವೆಗೆ ಮುಂಚೆ ಬರೆದ ಕಾಗದಗಳು. ಓದುಗರು ಇಲ್ಲಿಯೇ ಏನನ್ನೋ ಊಹಿಸಿಕೊಂಡು ಮುಗುಳುನಗುವುದು ಬೇಡ. ಮೊದಲನೆಯ ಕಾರ್ಡನ್ನು ತೆಗೆದು ನೋಡಿದರೆ ಅದರ ಮೇಲೆ ಅಮ್ಮನ ಹೆಸರೇ ಇರಲಿಲ್ಲ. ನನ್ನ ಸೋದರಮಾವನ ಹೆಸರಿತ್ತು. ಎರಡನೆಯದರಲ್ಲಿಯೂ ಮಾವನ ಹೆಸರೇ. ಮಾವನಿಗೆ ಆಗ ಹನ್ನೆರಡು ವರ್ಷ.

ನಡೆದದ್ದು ಹೀಗೆ. 1958ರ ವೈಶಾಖದಲ್ಲಿ ಅಮ್ಮನಿಗೆ ನಿಶ್ಚಿತಾರ್ಥವಾಯಿತು. ಅಜ್ಜ ಶಿವಮೊಗ್ಗೆಯಲ್ಲಿ ಶಾಲೆಯ ಮಾಸ್ತರರು; ವರ ತೀರ್ಥಹಳ್ಳಿಯ ಸೀಮೆಯ ಅಡಕೆ ತೋಟದ ಹುಡುಗ, ಇಪ್ಪತ್ತೈದು ವರ್ಷದವನು. ಜ್ಯೇಷ್ಠದಲ್ಲಿ ಲಗ್ನವೆಂದು ಗೊತ್ತಾಗಿತ್ತು. ಅಷ್ಟರಲ್ಲಿ ವರನ ಅಜ್ಜಿ ತೀರಿಕೊಂಡರು. ವರ್ಷದೊಳಗೆ ಶುಭಕಾರ್ಯ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಹೀಗೆ ಒಂದು ವರ್ಷದ ಉದ್ದಕ್ಕೆ ಮದುವೆಯೂ ಆಗದ, ಆಗದಿರುವಂತೆಯೂ ಇಲ್ಲದ ಒಂದು ಅವಸ್ಥೆ ಇವರಿಬ್ಬರಿಗೆ ಒದಗಿತು. ಗೊತ್ತಾದ ಹುಡುಗಿಗೆ ಹುಡುಗ ನೇರವಾಗಿ ಕಾಗದ ಬರೆಯುವುದು ಆ ಕಾಲದಲ್ಲಿ, ಆ ಮನೆಗಳಲ್ಲಿ, ಊಹೆಗೂ ನಿಲುಕದ ಮಾತು. ಆದರೆ ಭಾವೀ ಭಾವಮೈದುನನಿಗೆ ಬರೆದರೆ ಯಾರು ಏನೆಂದಾರು? ನಿಶ್ಚಿತಾರ್ಥದ ದಿನ ಈ ಹುಡುಗ ವರನ ಪಕ್ಕದಲ್ಲಿ ಕುಳಿತು, “ನಿಮ್ಮ ಮನೆಯಲ್ಲಿ ಕರು ಇದೆಯೋ?” ಎಂದು ಕೇಳಿದ್ದನಂತೆ. ಅಷ್ಟೇ ನೆಪ ಸಾಕಾಯಿತು.

ಮೊದಲನೆಯ ಕಾರ್ಡಿನ ಒಕ್ಕಣೆ ಇದು: “ಚಿರಂಜೀವಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ. ಸಾಂಪ್ರತ, ನಮ್ಮ ಗೌರಿ ನಿನ್ನೆ ಕರು ಹಾಕಿದೆ. ಹೆಣ್ಣು ಕರು. ಹಣೆಯ ಮೇಲೆ ಬಿಳಿಯ ಬೊಟ್ಟಿದೆ. ಈ ವಿಷಯವನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸತಕ್ಕದ್ದು.” “ಎಲ್ಲರಿಗೂ” ಎಂಬುದರ ಕೆಳಗೆ ಒಂದು ಗೆರೆ.

ಕಾರ್ಡು ಬಂದಾಗ ಮಾವ ಜಗಲಿಯಲ್ಲಿ ನಿಂತು, ಪಾಠ ಒಪ್ಪಿಸುವಂತೆ, ಗಟ್ಟಿಯಾಗಿ ಓದುತ್ತಿದ್ದನಂತೆ. ಅಮ್ಮ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ತೋಟಕ್ಕೆ ಔಷಧಿ ಹೊಡೆದದ್ದು, ಮೈಲುತುತ್ತ ಮತ್ತು ಸುಣ್ಣವನ್ನು ಸಮತೂಕದಲ್ಲಿ ಬೆರೆಸುವ ಕ್ರಮ, ಕೊನೆಗೌಡ ಮರದಿಂದ ಮರಕ್ಕೆ ಹಾಯುವ ಚಮತ್ಕಾರ, ಗದ್ದೆಯಲ್ಲಿ ನಾಟಿ ಮುಗಿದದ್ದು, ಕಟ್ಟೆಯೊಡೆದು ನೀರು ನುಗ್ಗಿದ್ದು, ಇವೇ ಆ ಕಾಗದಗಳ ತುಂಬ. ಪ್ರತಿಯೊಂದರ ಕೊನೆಯಲ್ಲಿಯೂ “ಎಲ್ಲರಿಗೂ” ತಿಳಿಸತಕ್ಕದ್ದು, “ಎಲ್ಲರ” ಆರೋಗ್ಯಕ್ಕೆ ಬರೆಯತಕ್ಕದ್ದು. ಹಸುವಿನ ಮೇವಿನ ಲೆಕ್ಕ ಹೇಳುತ್ತ ಹೇಳುತ್ತ ನಡುವೆ, “ನಮ್ಮ ಅಂಗಳದ ಮಲ್ಲಿಗೆ ಬಳ್ಳಿ ಈ ಸಲ ವಿಪರೀತ ಹೂ ಬಿಟ್ಟಿದೆ; ಮುಡಿಯುವವರಿಲ್ಲದೆ ಉದುರಿ ಹೋಗುತ್ತಿದೆ” ಎಂದು ಒಂದು ಸಾಲು. ಹನ್ನೆರಡು ವರ್ಷದ ಹುಡುಗನಿಗೆ ಮಲ್ಲಿಗೆಯ ಚಿಂತೆ ಏತಕ್ಕೆ?

ಮಾವನ ಮೊದಲ ಉತ್ತರ ಮಾತ್ರ ಅವನ ಕೈಬರಹದಲ್ಲಿದೆ, ಕಾಗೆಯ ಕಾಲು ಗುಬ್ಬಿಯ ಕಾಲು. ಎರಡನೆಯದರಿಂದ ಅಕ್ಷರ ಇದ್ದಕ್ಕಿದ್ದಂತೆ ದುಂಡಾಗಿಬಿಟ್ಟಿದೆ. ಸಹಿ ಮಾತ್ರ ಅವನದೇ. ಇದಕ್ಕೆ ಅಪ್ಪಯ್ಯ ಬರೆದ ಉತ್ತರ: “ನಿನ್ನ ಅಕ್ಷರ ಈಚೆಗೆ ಬಹಳ ಚೆನ್ನಾಗಿದೆ. ತಿದ್ದಿಸಿದ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು.” ಅಜ್ಜನಿಗೆ ಈ ಗುಟ್ಟು ಗೊತ್ತೇ ಇರಲಿಲ್ಲವೆಂದು ಅಮ್ಮನ ನಂಬಿಕೆ ಇಂದಿಗೂ. ಮಾವನನ್ನು ಕೇಳಿದರೆ ನಗುತ್ತಾನೆ. ಅಂಚೆ ಕಛೇರಿಯಿಂದ ಕಾರ್ಡು ಕೊಂಡು ತರುತ್ತಿದ್ದವರೇ ಅಜ್ಜ. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಮಾಸ್ತರರಿಗೆ ತಮ್ಮ ಮಗಳ ಅಕ್ಷರ ತಿಳಿಯದೆ ಹೋದೀತೆ? “ನಾನು ಬರಿಯ ಅಂಚೆಪೆಟ್ಟಿಗೆ ಕಣೇ,” ಎನ್ನುತ್ತಾನೆ ಮಾವ. “ಆದರೆ ಕಾಯಿದೆಯ ಪ್ರಕಾರ ನೋಡಿದರೆ ನಿಮ್ಮ ಅಪ್ಪಯ್ಯನ ಕಾಗದವೆಲ್ಲ ನನ್ನ ಸ್ವತ್ತು!”

ಹೀಗೆ ಅಪ್ಪಯ್ಯನವು ಇಪ್ಪತ್ತಮೂರು, ಇವಳವು ಹತ್ತೊಂಬತ್ತು. ಇವಳವನ್ನು ಅಪ್ಪಯ್ಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಇರಿಸಿದ್ದರು. 2012ರಲ್ಲಿ ಅವರು ತೀರಿಕೊಂಡ ಮೇಲೆ ಅಮ್ಮನ ಕೈಗೆ ಸಿಕ್ಕಿದವು. ಅಲ್ಲಿಂದ ಎರಡೂ ಒಂದೇ ಗಂಟಿನಲ್ಲಿವೆ.

ಇವನ್ನು ಸುಡುವುದಕ್ಕೆ ನನಗೆ ಮನಸ್ಸು ಒಪ್ಪಲಿಲ್ಲ. ಹಾಗೆಂದು ಎದುರು ಹೇಳುವ ಧೈರ್ಯವೂ ಇರಲಿಲ್ಲ. ನಮ್ಮ ಅಮ್ಮ ಮೃದು ಮಾತಿನವಳು. ಆದರೆ ಅವಳು ಮೃದುವಾಗಿ ಹೇಳಿದ್ದನ್ನು ಮೀರಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ನಾನು ಬಳಸು ದಾರಿಯೊಂದನ್ನು ಹಿಡಿದೆ. ನನ್ನ ಕಪಾಟಿನಲ್ಲಿ ಒಂದು ದಪ್ಪ ಪುಸ್ತಕವಿತ್ತು. ಅದನ್ನು ತೆಗೆದು, “ಅಮ್ಮಾ, ನಿನಗೊಂದು ಕಥೆ ಹೇಳುತ್ತೇನೆ. ಇವನೂ ಒಬ್ಬ ರೈತ, ಕಾಗದ ಬರೆದವನು” ಎಂದೆ. ರಾತ್ರಿ ಊಟವಾದ ಮೇಲೆ ದಿನವೂ ಅಷ್ಟಷ್ಟು ಹೇಳುವುದು ರೂಢಿಯಾಯಿತು.

ಆ ಪುಸ್ತಕ ನನಗೆ ಸಿಕ್ಕಿದ್ದು 2018ರಲ್ಲಿ. ಅಮೆರಿಕದಲ್ಲಿರುವ ಮಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಮಿಸೂರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿಗೆ ಕರೆದೊಯ್ದಿದ್ದ. ಅಲ್ಲಿ ಉತ್ತರ ಡೆಲವೇರ್ ಬೀದಿಯ 219ನೆಯ ಮನೆಯನ್ನು ಸರಕಾರದವರು ಇದ್ದಂತೆಯೇ ಕಾಪಾಡಿದ್ದಾರೆ. ಒಳಗೆ ಕಾಲಿಟ್ಟರೆ ಗೂಟಕ್ಕೆ ತಗುಲಿಹಾಕಿದ ಒಂದು ಕೋಟು, ಒಂದು ಹ್ಯಾಟು; ಯಜಮಾನರು ಈಗ ತಾನೆ ತಿರುಗಾಟ ಮುಗಿಸಿ ಬಂದಿದ್ದಾರೆಂಬಂತೆ. ಅಮೆರಿಕದ ಮೂವತ್ತಮೂರನೆಯ ಅಧ್ಯಕ್ಷ ಹ್ಯಾರಿ ಟ್ರೂಮನ್ ಮತ್ತು ಅವನ ಹೆಂಡತಿ ಬೆಸ್ ಬಾಳಿದ ಮನೆ ಅದು. ಅವನು ಅವಳಿಗೆ ಬರೆದ ಪತ್ರಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಉಳಿದಿವೆ. ಬೆಸ್ 1982ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮರುವರ್ಷ ಅವುಗಳಲ್ಲಿ ಆಯ್ದವು “ಡಿಯರ್ ಬೆಸ್” ಎಂಬ ಹೆಸರಿನಲ್ಲಿ ಅಚ್ಚಾದವು.

“ಅಧ್ಯಕ್ಷನಾದವನು ರೈತ ಹೇಗಾದಾನು?” ಎಂದು ಅಮ್ಮನ ಮೊದಲ ಪ್ರಶ್ನೆ.

ಅಧ್ಯಕ್ಷನಾದದ್ದು ಆಮೇಲಿನ ಮಾತು. 1906ರಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ. ಕಾನ್ಸಾಸ್ ಸಿಟಿಯಲ್ಲಿ ಬ್ಯಾಂಕಿನ ಗುಮಾಸ್ತ. ತಂದೆ ಧಾನ್ಯದ ಸಟ್ಟಾ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡು, ಗ್ರ್ಯಾಂಡ್‌ವ್ಯೂ ಎಂಬ ಹಳ್ಳಿಯ ಬಳಿಯಿದ್ದ ಅತ್ತೆಯ ಜಮೀನನ್ನು ನೋಡಿಕೊಳ್ಳಲು ಹೋಗಿದ್ದ. ಮಗನಿಗೆ ಬಾ ಎಂದು ಹೇಳಿಕಳುಹಿಸಿದ. ಮಗ ಕೆಲಸ ಬಿಟ್ಟು ಹೋದ. ಅನಂತರ ಹತ್ತು ವರ್ಷಗಳಿಗೂ ಮೇಲ್ಪಟ್ಟು ಅವನು ಬೇಸಾಯಗಾರ. ನಾಲ್ಕು ಕುದುರೆ ಕಟ್ಟಿದ, ಎರಡು ಗುಳದ ನೇಗಿಲನ್ನೇರಿ ಉತ್ತ. ಗೋಧಿ, ಓಟ್ಸು, ಜೋಳ ಬಿತ್ತಿದ. ಹುಲ್ಲು ಕೊಯ್ದು ಪಿಂಡಿ ಕಟ್ಟಿದ. ಹಂದಿಗಳಿಗೆ ರೋಗ ತಡೆಯುವ ಸೂಜಿಮದ್ದು ಹಾಕಿಸಿದ. ಸಂಜೆ ಕೈಕಾಲು ತೊಳೆದುಕೊಂಡು ಪಿಯಾನೋ ನುಡಿಸಿದ.

“ಎಷ್ಟು ಎಕರೆ?”

“ಆರು ನೂರರಷ್ಟು.”

“ಅಬ್ಬ! ಆರು ನೂರು ಎಕರೆ ಇದ್ದವನಿಗೆ ಹೆಣ್ಣು ಕೊಡುವುದಕ್ಕೆ ಯಾರು ಹಿಂದೆಗೆದಾರು?”

ಹಿಂದೆಗೆದವಳು ಹೆಣ್ಣಿನ ತಾಯಿ. ಆರು ನೂರು ಎಕರೆಯಿದ್ದರೇನು, ಅಜ್ಜಿ ತೀರಿಕೊಂಡ ಮೇಲೆ ಆಸ್ತಿಯ ವಿಷಯದಲ್ಲಿ ನೆಂಟರು ನ್ಯಾಯಾಲಯಕ್ಕೆ ಹೋಗಿದ್ದರು, ಸಾಲ ಮೇಲಿತ್ತು. ಬೆಸ್ ವಾಲೆಸ್ ಅದೇ ಇಂಡಿಪೆಂಡೆನ್ಸ್ ಊರಿನ ಸಿರಿವಂತ ಗಿರಣಿಯವರ ಮೊಮ್ಮಗಳು. ಹ್ಯಾರಿ ಅವಳನ್ನು ಮೊದಲು ನೋಡಿದ್ದು 1890ರಲ್ಲಿ, ಭಾನುವಾರದ ದೇವರ ಪಾಠದ ತರಗತಿಯಲ್ಲಿ. ಇವನಿಗೆ ಆರು ವರ್ಷ, ಅವಳಿಗೆ ಐದು. ದಪ್ಪ ಕನ್ನಡಕದ ಈ ಹುಡುಗ ಅವಳೊಡನೆ ಒಂದೇ ಶಾಲೆಯಲ್ಲಿ ಓದಿ, 1901ರಲ್ಲಿ ಒಟ್ಟಿಗೆ ತೇರ್ಗಡೆಯಾದ. ಆಮೇಲೆ ಒಂಬತ್ತು ವರ್ಷ ದಾರಿಗಳು ಬೇರೆಯಾದವು. ಆ ನಡುವೆ, 1903ರಲ್ಲಿ, ಬೆಸ್‌ಳ ತಂದೆ ತಮ್ಮ ಕೈಯಿಂದಲೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಆ ಮನೆಯಲ್ಲಿ ಮತ್ತೆ ಆ ಮಾತನ್ನು ಯಾರೂ ಎತ್ತಲಿಲ್ಲ. ತಾಯಿ ಹೊರಗಿನ ಬಳಕೆಯನ್ನೇ ಕಡಮೆ ಮಾಡಿದಳು. ಹದಿನೆಂಟರ ಮಗಳು ಮನೆಗೆ ಆಸರೆಯಾದಳು.

ಇದನ್ನು ಹೇಳಿದ ರಾತ್ರಿ ಅಮ್ಮ ಏನೂ ಕೇಳಲಿಲ್ಲ. ದೀಪ ಆರಿಸು ಎಂದಳು, ಅಷ್ಟೆ.

ಮರುದಿನದ ಕಥೆ ಹಗುರವಾಗಿತ್ತು. 1910ರಲ್ಲಿ ಹ್ಯಾರಿ ತನ್ನ ಸೋದರತ್ತೆಯ ಮನೆಗೆ ಬಂದಿದ್ದ. ಅವರದು ವಾಲೆಸರ ಮನೆಯ ಎದುರು ಮನೆ. ವಾಲೆಸರ ಮನೆಯಿಂದ ಕೇಕು ಇಟ್ಟು ಕಳುಹಿಸಿದ್ದ ತಟ್ಟೆಯೊಂದು ಹಿಂದಿರುಗಿಸದೆ ಉಳಿದಿತ್ತು. ಯಾರು ಕೊಟ್ಟುಬರುವಿರಿ ಎನ್ನುವಷ್ಟರಲ್ಲಿ ಹ್ಯಾರಿ ತಟ್ಟೆ ಹಿಡಿದು ಬೀದಿ ದಾಟಿದ್ದ. ಎರಡು ಗಂಟೆಯ ಮೇಲೆ ಹಿಂದಿರುಗಿದನಂತೆ.

“ನಮ್ಮಲ್ಲೂ ಪಾತ್ರೆ ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ,” ಎಂದಳು ಅಮ್ಮ. “ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅವನು ಏನು ಹಾಕಿ ಕೊಟ್ಟನೋ!”

ಅಂದಿನಿಂದ ಶುರುವಾಯಿತು ಈ ರೈತನ ಯಾತ್ರೆ. ಗ್ರ್ಯಾಂಡ್‌ವ್ಯೂದಿಂದ ಅವಳ ಊರು ಇಪ್ಪತ್ತು ಮೈಲಿಗೆ ಸ್ವಲ್ಪ ಕಡಮೆ. ಹೊಲದ ಕೆಲಸ ಮುಗಿಸಿ ನಿಲ್ದಾಣಕ್ಕೆ ನಡೆದು, ರೈಲಿನಲ್ಲಿ ಕಾನ್ಸಾಸ್ ಸಿಟಿಗೆ, ಅಲ್ಲಿಂದ ಟ್ರಾಮಿನಲ್ಲಿ ಅವಳ ಊರಿಗೆ; ಹೊತ್ತು ಮೀರಿದರೆ ಸೋದರತ್ತೆಯ ಮನೆಯಲ್ಲಿ ಮಲಗುವುದು. ಹೋಗಲಾಗದ ದಿನ ಕಾಗದ. ಉಳಿದಿರುವ ಪತ್ರಗಳಲ್ಲಿ ಮೊದಲನೆಯದು 1910ರ ಡಿಸೆಂಬರಿನದು. ಅದರಲ್ಲಿ ಪ್ರೇಮದ ಒಂದು ಸೊಲ್ಲೂ ಇಲ್ಲ. ಮುಂದಿನವೂ ಬಹುಮಟ್ಟಿಗೆ ಹಾಗೆಯೇ: ಮಳೆ ಬಂತು, ಬರಲಿಲ್ಲ, ನೆಂಟರು ಹೀಗೆಂದರು, ಡಿಕನ್ಸನ ಕಾದಂಬರಿ ಓದುತ್ತಿದ್ದೇನೆ, ಪೇಟೆಯಲ್ಲಿ ಒಳ್ಳೆಯ ಸಂಗೀತವಿದೆ, ಬರುವೆಯಾ? 1911ರ ವಸಂತದಲ್ಲಿ ಒಂದು ದೊಡ್ಡ ಕರು ಮೇಲೆ ಬಿದ್ದು ಅವನ ಕಾಲು ಮುರಿಯಿತು. ಅದನ್ನೂ ನಗೆಯಾಡಿಕೊಂಡೇ ಬರೆದ.

“ಅಲ್ಲಿಯೂ ಕರುವೇ?” ಎಂದು ಅಮ್ಮ ನಕ್ಕಳು. ಆ ನಗು ನೋಡಿ ನನ್ನ ಉಪಾಯ ಫಲಿಸುತ್ತಿದೆಯೆಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ತಪ್ಪೆಂದು ಅನಂತರ ತಿಳಿಯಿತು.

ಅದೇ 1911ರ ಜೂನ್ 22ರಂದು ಅವನು ವಿವಾಹದ ಮಾತನ್ನು ಕಾಗದದಲ್ಲಿ ಕೇಳಿಬಿಟ್ಟ. ಕೇಳಿದ ಬಗೆಯೇ ವಿಚಿತ್ರ. ಆ ವರ್ಷ ಭಾರಿ ಬರ. ಮಳೆ ಬಾರದಿದ್ದರೆ ನೀರು, ಆಲೂಗೆಡ್ಡೆಗಳೆಲ್ಲ ವಜ್ರದಂತೆ ದುರ್ಲಭವಾಗಲಿವೆ ಎಂದು ಗೋಳು ಹೇಳಿಕೊಳ್ಳುತ್ತ, ವಜ್ರದ ಮಾತು ಬಂತಲ್ಲ ಎಂದು ಅಲ್ಲಿಂದ ಹೊರಳಿ, ನಾನು ವಜ್ರದ ಉಂಗುರ ತಂದರೆ ಎಡಗೈಗೆ ತೊಡುವೆಯಾ ಎಂದು ಕೇಳುತ್ತಾನೆ. ನಾನು ಕವಿಯಲ್ಲ, ರಸಭರಿತವಾಗಿ ಹೇಳಲಾರೆ ಎಂದು ಕ್ಷಮೆಯನ್ನೂ ಬೇಡುತ್ತಾನೆ. ಬರದ ಬೇಗೆಯಲ್ಲಿ, ಬಾಯಾರಿದ ಹೊಲದ ನಡುವೆ ಕುಳಿತು ಮದುವೆಯ ಮಾತೆತ್ತಿದ ಇವನ ಧೈರ್ಯಕ್ಕೆ ಏನೆನ್ನಬೇಕು?

ಅವಳು ಮೂರು ವಾರ ಸುಮ್ಮನಿದ್ದಳು. ಆಮೇಲೆ ಇಲ್ಲವೆಂದಳು.

“ಪಾಪ,” ಎಂದಳು ಅಮ್ಮ. “ಮೂರು ವಾರ!”

ಇಲ್ಲವೆಂದದ್ದಕ್ಕೆ ಅವನು ಬರೆದ ಉತ್ತರವೇ ನನಗೆ ಆ ಪುಸ್ತಕದಲ್ಲೆಲ್ಲ ಹಿಡಿಸಿದ ಕಾಗದ. ಸಿಟ್ಟಿಲ್ಲ, ಅಳಲಿಲ್ಲ. ನೀನು ಹಾಸ್ಯ ಮಾಡದೆ, ನೋಯಿಸದೆ ಹೇಳಿದೆಯಲ್ಲ, ಅಷ್ಟೇ ನನಗೆ ಸಂತೋಷವೆನ್ನಿಸುವಂತಿದೆ. ನಿನ್ನಂಥವಳು ನನ್ನಂಥವನನ್ನು ಮೆಚ್ಚುವಳೆಂಬ ಭ್ರಮೆ ನನಗೆ ಇರಲಿಲ್ಲ, ಆದರೆ ಮನಸ್ಸಿನಲ್ಲಿದ್ದುದನ್ನು ಹೇಳದೆ ಇರಲಾರದೆ ಹೋದೆ ಎಂಬರ್ಥದ ಮಾತುಗಳು. ಇಷ್ಟು ಬರೆದು, ಮುಂದೆಯೂ ಕಾಗದ ಬರೆಯಲು, ಮನೆಗೆ ಬರಲು ಅಪ್ಪಣೆ ಬೇಡಿದ. ಅವಳು ಬೇಡವೆನ್ನಲಿಲ್ಲ.

ಅದಾದ ಮೇಲೆ ಅವನು ಮಾಡಿದ ಕೆಲಸ ಕೇಳಿದರೆ ನಗು ಬರುತ್ತದೆ, ಕಣ್ಣೂ ತೇವವಾಗುತ್ತದೆ. ಬೆಸ್ ಟೆನಿಸ್ ಆಟದಲ್ಲಿ ಗಟ್ಟಿಗಳು. ಸರಿ, ತನ್ನ ಹುಲ್ಲುಗಾವಲಿನಲ್ಲಿಯೇ ಒಂದು ಟೆನಿಸ್ ಅಂಗಣ ಸಿದ್ಧಪಡಿಸಿದ. ನೆಲ ಮಟ್ಟ ಮಾಡಿ, ಉರುಳೆ ಎಳೆದು, ಗೆರೆ ಹಾಕಿ, ದಾರಿ ತಪ್ಪದಿರಲೆಂದು ನಕಾಶೆಯನ್ನೂ ಬರೆದು ಕಳುಹಿಸಿದ. ಸೆಪ್ಟೆಂಬರಿನ ರಜೆಯ ದಿನ ಅವಳು ಗೆಳತಿಯರೊಡನೆ ಬರುವುದೆಂದು ನಿಶ್ಚಯ. ಅವಳು ಬರಲಿಲ್ಲ. ಅವಳ ಊರಿನಲ್ಲಿ ಅಂದು ಮಳೆಯಂತೆ.

ಅಮ್ಮ ಬಹಳ ಹೊತ್ತು ಸುಮ್ಮನಿದ್ದು, “ನಿನ್ನ ಅಪ್ಪಯ್ಯ ಬಾವಿಗೆ ರಾಟೆ ಹಾಕಿಸಿದ್ದರು” ಎಂದಳು.

ಆ ಕಾರ್ಡನ್ನು ನಾನು ಓದಿದ್ದೆ. “ಬಾವಿಗೆ ಹೊಸ ರಾಟೆ ಹಾಕಿಸಿದ್ದೇನೆ. ಎಷ್ಟು ಹಗುರವೆಂದರೆ, ನಲ್ಲಿಯ ನೀರು ರೂಢಿಯಾದ ಪೇಟೆಯವರೂ ಸುಲಭವಾಗಿ ಸೇದಬಹುದು. ಎಲ್ಲರಿಗೂ ತಿಳಿಸತಕ್ಕದ್ದು.”

“ಬಂದ ಮರುದಿನವೇ ಸೇದಿದೆ,” ಎಂದಳು. “ಕಿರ್ರೆಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಎಣ್ಣೆ ಹಾಕಿ ಎನ್ನುವುದಕ್ಕೆ ನಾಚಿಕೆ. ಆರು ತಿಂಗಳು ಹಾಗೆಯೇ ಸೇದಿದೆ.”

ಮುಂದಿನ ಕಥೆಯನ್ನು ನಾನು ಬೇಗಬೇಗನೆ ಹೇಳಿದೆ, ಏಕೆಂದರೆ ಅದು ಸೋಲುಗಳ ಪಟ್ಟಿ. 1913ರ ನವೆಂಬರಿನಲ್ಲಿ ಬೆಸ್, ತಾನು ಯಾರನ್ನಾದರೂ ಮದುವೆಯಾದರೆ ಅದು ನಿನ್ನನ್ನೇ ಎಂದು ಬಾಯಿಬಿಟ್ಟು ಹೇಳಿದಳು. ಆದರೆ ಹ್ಯಾರಿಗೆ ಹಣ ಮಾಡಿಕೊಳ್ಳದೆ ಮದುವೆಯಾಗಬಾರದೆಂಬ ಹಟ. 1914ರಲ್ಲಿ ಆರು ನೂರ ಐವತ್ತು ಡಾಲರಿಗೆ ಹಳೆಯ ಸ್ಟಾಫರ್ಡ್ ಕಾರೊಂದನ್ನು ಕೊಂಡ. ಟ್ರಾಮಿನ ಕಾಟ ತಪ್ಪಿತು. ಆ ವರ್ಷವೇ ತಂದೆ ತೀರಿಕೊಂಡ. ಜಮೀನಿನ ಭಾರವೆಲ್ಲ ಇವನ ಮೇಲೆ. ಒಕ್ಲಹೋಮದಲ್ಲಿ ಸತುವಿನ ಗಣಿಗೆ ದುಡ್ಡು ಹಾಕಿದ, ಮುಳುಗಿತು. ಎಣ್ಣೆಯ ಬಾವಿಗೆ ಹಾಕಿದ, ಅದೂ ಕೈಗೆ ಹತ್ತಲಿಲ್ಲ. 1917ರಲ್ಲಿ ಯುದ್ಧ ಬಂತು. ಮೂವತ್ತಮೂರರ ವಯಸ್ಸಿನಲ್ಲಿ ಫಿರಂಗಿ ದಳ ಸೇರಿದ. ಹೋಗುವ ಮುಂಚೆ ಮದುವೆಯಾಗೋಣವೆಂದು ಈ ಸಲ ಅವಳೇ ಕೇಳಿದಳು; ಕಾಲೋ ಕೈಯೋ ಕಳೆದುಕೊಂಡು ಬಂದರೆ ನಿನ್ನನ್ನು ಕಟ್ಟಿಹಾಕಿದಂತಾದೀತೆಂದು ಇವನು ಒಪ್ಪಲಿಲ್ಲ. ಅವಳು ಕೊಟ್ಟ ಭಾವಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಫ್ರಾನ್ಸಿಗೆ ಹೋಗಿ, ಸುರಕ್ಷಿತವಾಗಿ ಬಂದ. 1919ರ ಜೂನ್ 28ರಂದು ಮದುವೆಯಾಯಿತು. ವರನಿಗೆ ಮೂವತ್ತೈದು, ವಧುವಿಗೆ ಮೂವತ್ತನಾಲ್ಕು.

“ಆಮೇಲೆ ಆ ಹಳ್ಳಿಯ ಮನೆಗೆ ಹೋದಳೋ?”

“ಇಲ್ಲ. ಅವನೇ ಇವಳ ತಾಯಿಯ ಮನೆಗೆ ಬಂದ.”

“ಮನೆ ಅಳಿಯ!” ಅಮ್ಮನಿಗೆ ಇದು ಬಹಳ ರುಚಿಸಿತು. ಆ ಅತ್ತೆ ಅಳಿಯನ ಜೊತೆಯಲ್ಲಿಯೇ ಶ್ವೇತಭವನದಲ್ಲಿಯೂ ಇದ್ದು, 1952ರಲ್ಲಿ ಅಲ್ಲಿಯೇ ತೀರಿಕೊಂಡಳೆಂದಾಗ, “ಅಧ್ಯಕ್ಷನಾದ ಮೇಲಾದರೂ ಅಳಿಯನನ್ನು ಮೆಚ್ಚಿದಳೋ?” ಎಂದಳು. ಅಷ್ಟಾಗಿ ಮೆಚ್ಚಲಿಲ್ಲವೆಂದೇ ಬರೆದವರ ಅಭಿಪ್ರಾಯ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಎದ್ದು ಕುಳಿತಳು. “ಟ್ರೂಮನ್ ಅಂದರೆ, ಜಪಾನಿನ ಮೇಲೆ ಬಾಂಬು ಹಾಕಿಸಿದವನಲ್ಲವೇ?”

ಹೌದು. 1945ರ ಆಗಸ್ಟಿನಲ್ಲಿ ಎರಡು ಊರುಗಳ ಮೇಲೆ. ಟೆನಿಸ್ ಅಂಗಣಕ್ಕೆ ಗೆರೆ ಎಳೆದ ಕೈಯೇ ಅದಕ್ಕೂ ಒಪ್ಪಿಗೆ ಕೊಟ್ಟದ್ದು. 1951ರಲ್ಲಿ ನಮ್ಮ ದೇಶದಲ್ಲಿ ಕಾಳಿಗೆ ಕಾಟವಾದಾಗ ಗೋಧಿ ಕೊಳ್ಳಲು ಸಾಲ ಕೊಡುವ ಕಾಯಿದೆಗೆ ಸಹಿ ಹಾಕಿದ್ದೂ ಅದೇ ಕೈ. ನಾನು ಎರಡನ್ನೂ ಹೇಳಿದೆ. ಒಂದರಿಂದ ಇನ್ನೊಂದನ್ನು ಕಳೆಯಲು ನನಗೆ ಬರುವುದಿಲ್ಲ. ಅಮ್ಮನೂ ಲೆಕ್ಕ ಮಾಡಲಿಲ್ಲ. “ಅವಳಿಗೆ ಏನೆನ್ನಿಸಿತೋ, ಅದನ್ನು ಅವಳು ಬರೆದಿದ್ದಾಳೆಯೋ?” ಎಂದಳು.

ಆಗ ನಾನು ನನ್ನ ಉಪಾಯದ ಕೊನೆಯ ಬಾಣವನ್ನು ಬಿಟ್ಟೆ. ಅವಳ ಪತ್ರಗಳೇ ಉಳಿದಿಲ್ಲ. ಅಧಿಕಾರದಿಂದ ಇಳಿದು ಊರಿಗೆ ಬಂದ ಮೇಲೆ, 1955ರ ಕ್ರಿಸ್‌ಮಸ್ಸಿನ ದಿನಗಳಲ್ಲಿ, ಬೆಸ್ ಬೆಂಕಿಯ ಗೂಡಿನ ಮುಂದೆ ಕುಳಿತು ತಾನು ಗಂಡನಿಗೆ ಬರೆದಿದ್ದ ಪತ್ರಗಳನ್ನು ಒಂದೊಂದಾಗಿ ಹಾಕುತ್ತಿದ್ದಳಂತೆ. ಹ್ಯಾರಿ ಅದನ್ನು ಕಂಡು, ಇತಿಹಾಸದ ಬಗೆಗೆ ಯೋಚನೆ ಮಾಡು ಎಂದನಂತೆ. ಯೋಚನೆ ಮಾಡಿಯೇ ಹಾಕುತ್ತಿದ್ದೇನೆಂದು ಅವಳ ಉತ್ತರ. ಅಲ್ಲಿ ಇಲ್ಲಿ ಮೂಲೆಯಲ್ಲಿ ಸಿಕ್ಕ ನೂರ ಎಂಬತ್ತರಷ್ಟನ್ನು ಕಂಡು, ಅವಳ ಮೊಮ್ಮಗ 2011ರಲ್ಲಿ ಕೆಲವನ್ನು ಪುಸ್ತಕವಾಗಿ ಹೊರತಂದ. ಅವು ಆರಂಭವಾಗುವುದೇ ಮದುವೆಯ ವರ್ಷದಿಂದ. ಆ ಒಂಬತ್ತು ವರ್ಷಗಳ ಹುಡುಗಿಯ ದನಿ ನಮಗೆ ಕೇಳುವುದೇ ಇಲ್ಲ. ಮೂರು ವಾರ ಯೋಚಿಸಿ ಅವಳು ಇಲ್ಲವೆಂದದ್ದು ಯಾವ ಮಾತಿನಲ್ಲಿ? ಮಳೆಯೆಂದು ಬರೆದ ಕಾಗದದಲ್ಲಿ ಇನ್ನೇನು ಇತ್ತು? ಎಂಥ ನಷ್ಟ ನೋಡಮ್ಮ ಎಂದೆ.

ಅಮ್ಮ ತಲೆದಿಂಬನ್ನು ಸರಿಮಾಡಿಕೊಂಡು ಮಲಗಿದಳು. “ಸರಿಯಾಗಿಯೇ ಮಾಡಿದಳು” ಎಂದಳು.

ನನಗೆ ಬಹಳ ಬೇಸರವಾಯಿತು. ಇಷ್ಟು ದಿನ ಹೇಳಿದ ಕಥೆ ಎದುರು ಪಕ್ಷದ ಸಾಕ್ಷಿಯಾಗಿ ಪರಿಣಮಿಸಿತು! ಆ ರಾತ್ರಿ ನಿದ್ದೆ ಬಾರದೆ ಗಂಟನ್ನು ಬಿಚ್ಚಿ, ಓದದೆ ಉಳಿದಿದ್ದ ಅಪ್ಪಯ್ಯನ ಕಾಗದಗಳನ್ನು ಓದಿದೆ. ಅವುಗಳ ನಡುವೆ ಅಂಟು ಹಾಕಿ ಮುಚ್ಚಿದ್ದ ಒಂದು ಇನ್‌ಲ್ಯಾಂಡ್ ಪತ್ರ. ಮೇಲೆ ಮಾವನದೇ ವಿಳಾಸ. ಒಳಗೆ, ಇಪ್ಪತ್ತಮೂರರಲ್ಲಿ ಅದೊಂದರಲ್ಲಿ ಮಾತ್ರ, ಅಮ್ಮನ ಹೆಸರು.

ಆ ವರ್ಷದ ಮಳೆಗೆ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು ಈ ರೋಗದ ಬೆನ್ನು ಹತ್ತಿ, ಸುಣ್ಣ ಮತ್ತು ಮೈಲುತುತ್ತದ ಬೋರ್ಡೋ ದ್ರಾವಣವನ್ನು ನಮ್ಮ ತೋಟಿಗರಿಗೆ ಕಲಿಸಿದ್ದರು. ಆದರೆ ಮಳೆಗೆ ಮುಂಚೆ ಹೊಡೆದದ್ದನ್ನು ಮಳೆಯ ನಡುವೆ ಹೊಳವಾದಾಗ ಇನ್ನೊಮ್ಮೆ ಹೊಡೆಯಬೇಕು. ಆ ವರ್ಷ ಹೊಳವೇ ಆಗಲಿಲ್ಲವಂತೆ. ಎಳೆಯ ಕಾಯಿಗಳೆಲ್ಲ ಕೊಳೆತು ಉದುರಿದವು. ಅಪ್ಪಯ್ಯ ಬರೆದಿದ್ದರು: “ಮುಕ್ಕಾಲು ಪಾಲು ಬೆಳೆ ಹೋಗಿದೆ. ಮಂಡಿಯ ಸಾಲ ತೀರಲು ಮೂರು ವರ್ಷ ಬೇಕು. ನಿಶ್ಚಿತಾರ್ಥದ ದಿನ ನಿಮ್ಮ ತಂದೆಯವರು ನೋಡಿದ ಮನೆ ಈಗ ಆ ಮನೆಯಲ್ಲ. ತಾವು ಪೇಟೆಯಲ್ಲಿ ಬೆಳೆದವರು. ಬೇರೆ ಕಡೆ ನೋಡಬೇಕೆಂದು ತಮಗೆ ಅನ್ನಿಸಿದರೆ ಅದರಲ್ಲಿ ತಪ್ಪಿಲ್ಲ. ನಾನೇ ಏನಾದರೊಂದು ಕಾರಣ ಹೇಳಿ, ಅಪವಾದ ನಮ್ಮ ಕಡೆಗೆ ಬರುವಂತೆ ಮಾಡುತ್ತೇನೆ. ಈ ಕಾಗದವನ್ನು ಎಲ್ಲರಿಗೂ ತಿಳಿಸತಕ್ಕದ್ದಲ್ಲ.”

ಕೊನೆಯ ಸಾಲನ್ನು ಓದಿ ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆನೋ ತಿಳಿಯದು. ಹದಿನೆಂಟು ವರ್ಷದ ಅಮ್ಮ ಇದನ್ನು ಅಜ್ಜನಿಗೆ ತೋರಿಸಲಿಲ್ಲ. ತೋರಿಸಿದ್ದರೆ ನಾನು ಇಂದು ಇದನ್ನು ಬರೆಯಲು ಇರುತ್ತಿರಲಿಲ್ಲ. ಇದಕ್ಕೆ ಅವಳು ಕೊಟ್ಟ ಉತ್ತರವೂ ಆ ಗಂಟಿನಲ್ಲಿಯೇ, ಹತ್ತೊಂಬತ್ತರಲ್ಲಿ ಒಂದಾಗಿ, ಇತ್ತು. ಕೈ ಅಲ್ಲಿಯವರೆಗೆ ಹೋಯಿತು. ಓದಿಕೋ ಎಂದು ಅವಳೇ ಹೇಳಿದ್ದಳು. ಆದರೂ ಅಪ್ಪಯ್ಯನವನ್ನು ಓದಿದಷ್ಟು ಸಲೀಸಾಗಿ ಅವಳದನ್ನು ಬಿಡಿಸಲು ಕೈ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಕೆಮ್ಮಿದಳು. ಗಂಟು ಕಟ್ಟಿಟ್ಟೆ. ನಾಳೆ ಕೇಳಿಯೇ ಓದೋಣವೆಂದುಕೊಂಡೆ. ಆ ನಾಳೆ, ನಾಳೆ ಎನ್ನುತ್ತಲೇ ತಿಂಗಳು ಕಳೆಯಿತು.

ಅಪ್ಪಯ್ಯನ ಶ್ರಾದ್ಧಕ್ಕೆ ಊರಿಗೆ ಹೋದೆವು. ಕರ್ಮವೆಲ್ಲ ಮುಗಿದ ಮರುದಿನ ಬೆಳಗಿನ ಜಾವ, ಅಮ್ಮ ಹಾಸಿಗೆಯಲ್ಲಿ ಕಾಣಲಿಲ್ಲ. ಬಚ್ಚಲುಮನೆಯ ಕಡೆಯಿಂದ ಹೊಗೆ ಬರುತ್ತಿತ್ತು. ಹೋಗಿ ನೋಡಿದರೆ, ಹಂಡೆಯ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾಳೆ. ಅಡಕೆಯ ಹಾಳೆ, ಸೋಗೆ ಚೆನ್ನಾಗಿ ಹತ್ತಿಕೊಂಡಿವೆ. ತೊಡೆಯ ಮೇಲೆ ಬಿಚ್ಚಿದ ಗಂಟು. ಒಳಗಿನ ಕಾಗದಗಳನ್ನು ಎರಡು ಪಾಲು ಮಾಡಿದ್ದ ಹಾಗೆ ಕಂಡಿತು.

“ಬಂದೆಯಾ? ಇದು ಹಿಡಿ,” ಎಂದು ಒಂದು ಪಾಲನ್ನು ನನ್ನ ಕೈಗಿಟ್ಟಳು. ಅಪ್ಪಯ್ಯನ ಇಪ್ಪತ್ತಮೂರು. “ಇವು ಅವರವು. ಅವರನ್ನು ಕೇಳದೆ ನಾನು ಹೇಗೆ ಸುಡಲಿ? ನಿಮ್ಮ ಮಾವನಿಗೆ ಒಂದು ಮಾತು ಹೇಳಿ ನೀನೇ ಇಟ್ಟುಕೋ.”

“ಅದು?”

“ಇದು ನನ್ನದು.”

ಒಂದೊಂದನ್ನೇ ತೆಗೆದು, ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಒಲೆಗೆ ಹಾಕತೊಡಗಿದಳು. ಕಾರ್ಡುಗಳು ಒಮ್ಮೆ ಸೆಟೆದುಕೊಂಡು, ಅಂಚಿನಿಂದ ಕಪ್ಪಾಗಿ, ಉರಿದು ಹೋಗುತ್ತಿದ್ದವು. ನಾನು ಬಾಗಿಲ ಬಳಿಯಲ್ಲಿಯೇ ನಿಂತಿದ್ದೆ. ಒಂದು ನೀಲಿಯ ಕಾಗದದ ಬಳಿ ಅವಳ ಕೈ ತಡೆಯಿತು. ಬಿಡಿಸಿ ಓದಿದಳು. ಬಹಳ ಹೊತ್ತು ಓದುವಷ್ಟು ಅದರಲ್ಲಿ ಇರಲಿಲ್ಲ. ಬೆಂಕಿಯ ಬೆಳಕಿಗೆ ಹಿಂಬದಿಯಿಂದಲೇ ನನಗೆ ಕಂಡಂತೆ, ಎರಡೋ ಮೂರೋ ಸಾಲು. ಅವಳಿಗೆ ನಗು ಬಂತು. ಸೆರಗಿನಿಂದ ಕಣ್ಣೊರಸಿಕೊಂಡಳು, ಹೊಗೆಯೂ ಇತ್ತು.

“ಏನು ಬರೆದಿದ್ದೆ ಅಮ್ಮಾ?” ಎಂದೆ.

ಅವಳು ಅದನ್ನು ಮೊದಲಿದ್ದ ಮಡಿಕೆಯಲ್ಲಿಯೇ ಮಡಿಸಿ ಒಲೆಯೊಳಕ್ಕೆ ಇಟ್ಟಳು. ಊದುಗೊಳವೆಯಿಂದ ಒಮ್ಮೆ ಊದಿದಳು. ಹಂಡೆಯ ಮುಚ್ಚಳ ಸರಿಸಿ ಕೈಯದ್ದಿ ನೋಡಿದಳು.

“ನೀರು ಕಾದಿದೆ,” ಎಂದಳು. “ಮೊದಲು ನೀನು ಮಿಂದುಕೋ.”